ಮೂರು ಬೆರಳು ಕೆಳಗೆ

ಎಂಟು ಸಾವಿರದ ನಾನೂರು, ಫಿಟ್ಟಿಂಗು ಬೇರೆ.
ಗುತ್ತಲು ರಸ್ತೆಯ ಸಿದ್ದಪ್ಪಾಜಿ ಡಬ್ಬ ಬಿಚ್ಚಿ
ಗ್ರೀಸು ತಾಗದ ಹಾಗೆ ಕ್ಯಾಲೆಂಡರ್ ಹಾಳೆ ಹಾಸಿ ಇಟ್ಟ:
ಎರಡು ಫುಟ್‌ರೆಸ್ಟು, ಗೇರ್ ಲಿವರು, ಬ್ರೇಕ್ ಪೆಡಲು,
ಕರಿ ಅಲ್ಯೂಮಿನಿಯಂ, ಮೈತುಂಬ ಹಲ್ಲು.
"ಮೂರು ಬೆರಳು ಕೆಳೀಕ್ ಬತ್ತದೆ ಕಾಲು,
ಮಂಡಿ ಉಸಿರಾಡ್ತದೆ ಕಣಣ್ಣ."

ನಾನು ಕೋರ್ಟಿನ ಅಮೀನ.
ಸಮನ್ಸು ಹಿಡಿದು ದುದ್ದ, ಬಸರಾಳು, ಕೆರಗೋಡು
ಸುತ್ತಿ ಇಪ್ಪತ್ತೆರಡು ವರ್ಷ.
"ಅವರು ಊರಲ್ಲಿಲ್ಲ" ಅನ್ನುತ್ತದೆ ಬಾಗಿಲು,
ಹೊಸಿಲಾಚೆ ಬಿಟ್ಟ ಚಪ್ಪಲಿ ಇನ್ನೂ ಒದ್ದೆ.
ಬಾಯಿಗಿಂತ ಕಾಲನ್ನೇ ನಂಬಬೇಕೆಂದು
ಈ ನೌಕರಿಯಲ್ಲಿ ಕಲಿತದ್ದು ಇಷ್ಟೇ.

ನನ್ನ ಕಾಲೂ ಸುಳ್ಳು ಹೇಳುವುದಿಲ್ಲ:
ಗೇರು ಎತ್ತಿ ಎತ್ತಿ ಎಡ ಶೂನ ನೆತ್ತಿ ಬೋಳು.
ವರ್ಷಕ್ಕೊಂದು ತೇಪೆ, ಮೂವತ್ತು ರೂಪಾಯಿ.
"ಬಲಗಾಲೇನು ನಿಮ್ಮನೆ ಅಳಿಯನಾ,
ಸುಮ್ನೆ ಕೂತು ಉಣ್ಣಕೆ?"
ಹೊಲಿಯುತ್ತ ನಗುತ್ತಾಳೆ ಮಾರಕ್ಕ.
ಲೆಕ್ಕ ಹಾಕಿದೆ: ಈ ದುಡ್ಡಿಗೆ ಇನ್ನೂರ ಎಂಬತ್ತು ತೇಪೆ.
ಅಷ್ಟು ವರ್ಷ ಯಾರು ಬದುಕುತ್ತಾರೆ.

ಆದರೂ ಸಿದ್ದಪ್ಪಾಜಿ ಹಳೇ ಲಿವರಿಗೆ ಸ್ಪ್ಯಾನರ್ ಹಾಕಿದಾಗ
ಬೇಡ ಅನ್ನಲು ಬಾಯಿ ತೆರೆದಿದ್ದೆ.

ಒಮ್ಮೆ ನಿಂಗಾಚಾರಿಯ ಮನೆ ಮುಂದೆ,
ಅವನು ಊರಲ್ಲಿಲ್ಲವೆಂದು ಕೇಳಿ ಹೊರಟವನು,
ಕಬ್ಬಿನ ತರಗಿನ ಮೇಲೆ ಜಾರಿ ಬಿದ್ದೆ.
ಲಿವರು ಮಡಚಿ ಇಂಜಿನ್ನಿಗೆ ಅಂಟಿತ್ತು.
ಕಲ್ಲೆತ್ತಿ ನಾಲ್ಕು ಬಾರಿಸಿದೆ. ಆ ಸದ್ದು ಕೇಳಲಾರದೆ
ಊರಲ್ಲಿಲ್ಲದ ನಿಂಗಾಚಾರಿ
ಸುತ್ತಿಗೆ ಹಿಡಿದು ಒಳಗಿಂದ ಬಂದ.
"ಕಬ್ಬಿಣಕ್ಕೆ ಹಂಗ್ ಹೊಡೀತಾರಾ?"
ಮೂರೇ ಏಟು. ಕಣ್ಣು ಕಿರಿದು ಮಾಡಿ ನೋಡಿ
ಹೆಬ್ಬೆರಳಿಂದ ಒಮ್ಮೆ ಸವರಿದ.
ಆಮೇಲೆ ನನ್ನ ಚೀಲ ನೋಡಿದ.
ಪೆಟ್ರೋಲ್ ಟ್ಯಾಂಕಿನ ಮೇಲೆ ಕಾಗದ ಹಾಸಿ
ತಾನಾಗೇ ಪೆನ್ನು ಕೇಳಿ ಸಹಿ ಹಾಕಿದ.

ಗುಜರಿಗೆ ನಲವತ್ತು ರೂಪಾಯಿ ಅಂದ ಸಿದ್ದಪ್ಪಾಜಿ.
ಕೊಡಲಿಲ್ಲ. ಚೀಲದಲ್ಲಿದೆ,
ಕಟ್ಲೆಗಳ ಕೆಳಗೆ, ಎಣ್ಣೆಯ ಕಲೆ ಬಿಡುತ್ತ.

"ದುಡ್ಡು ಕೊಟ್ಟಿದ್ದಕ್ಕೆ ಬಾಳ್ತದಾ?"
ಕೇಳುತ್ತಾರೆ ಸ್ಟಾಂಪ್ ಪೇಪರಿನ ವೆಂಕಟರಮಣಯ್ಯ.
ಬಾಳ್ತದೆ. ಮಂಡಿ ಮಾತಾಡುವುದನ್ನು ಬಿಟ್ಟಿದೆ,
ಈಗ ಮೆಟ್ಟಿಲಲ್ಲಿ ನಿಲ್ಲದೆ ಹತ್ತುತ್ತೇನೆ.
ಹೊಸ ಹಲ್ಲಿಗೆ ಎರಡೂ ಶೂನ ಅಟ್ಟೆ ಸವೆಯುತ್ತಿದೆ,
ಮಾರಕ್ಕನಿಗೂ ನ್ಯಾಯ.

ಒಂದೇ ತೊಂದರೆ.
ಶಿವಳ್ಳಿ ದಾಟಿ ಏರು ಬಂದಾಗ
ಎಡಗಾಲು ಈಗಲೂ ಹಳೇ ವಿಳಾಸಕ್ಕೆ ಹೋಗಿ
ಮೂರು ಬೆರಳು ಮೇಲೆ, ಬರೀ ಗಾಳಿಯಲ್ಲಿ
ಬಾಗಿಲು ತಟ್ಟುತ್ತದೆ.
ಊರಲ್ಲಿಲ್ಲ.