ಒಂದು ಮಾತ್ರ

ಅರ್ಜಿಯ ಹನ್ನೊಂದನೇ ಖಾನೆ:
ಕ್ರೀಡೆ. ಅದರ ಬಾಜೂಕ ಸಣ್ಣ ಅಕ್ಷರದಾಗ
‘ಒಂದು ಮಾತ್ರ’.
ಹೆಸರು ಬರದೀನಿ, ಜಗದೇವಿ ತಂದಿ ಮಲ್ಕಣ್ಣ,
ಊರು ಶಹಾಬಾದ, ಎತ್ತರ, ತೂಕ, ರಕ್ತದ ಗುಂಪು,
ಎಲ್ಲಾ ಪಟಪಟ ಬರದು
ಇಲ್ಲಿ ಬಂದು ಪೆನ್ನು ಕುಂತದ.

ಮುಂಜಾನಿ ಪ್ಯಾಸೆಂಜರ್‌ದಾಗೂ ಇದೇ ಆತು.
ಎದುರಾಬದುರ ಸೀಟು,
ಒಬ್ಬರ ಮುಖ ವಾಡಿ ಕಡಿ, ಇನ್ನೊಬ್ಬರದು ಕಲಬುರಗಿ ಕಡಿ,
ನಾವು ಚೌಕದಾಗ ಕೂಡೂ ಹಂಗೇ.
ಮರತೂರ ದಾಟೋತನ ಬೆರಳ ಮ್ಯಾಲ ಎಣಿಸಿದೆ:
ಮೊದಲನೇ ಚೌಕ ರೇಷ್ಮಾ ಬೀ, ಎರಡು ಭಾಗಮ್ಮ,
ಮೂರು ಸವಿತಾ ರಾಠೋಡ,
ಐದನೇದು ನಾ.

ಖೋ ಅಂದ್ರ ಬರೇ ಕೂಗಲ್ಲ, ಅದು ಕೈ.
ಬೆನ್ನ ಮ್ಯಾಲ ಬಿಸಿ ಅಂಗೈ ಬಿತ್ತಂದ್ರ
ಯಾರದು ಅಂತ ತಿರುಗಿ ನೋಡೂ ಕೆಲಸಿಲ್ಲ.
ಭಾಗಮ್ಮಂದು ಬಡಿತ, ರೇಷ್ಮಾಂದು ತಟ್ಟು,
ಸವಿತಾಂದು ಉಗುರು.
ಎದ್ದ ಮ್ಯಾಲ ಹೊಳ್ಳಂಗಿಲ್ಲ, ಅದು ನೇಮ.

ಎಂಟುನೂರಕ್ಕ ಕೈ ಇಲ್ಲ.
ಜಿಲ್ಲಾ ಮಟ್ಟದಾಗ ಪಿಸ್ತೂಲು ಹಾರ್ತು,
ಏಳು ಹುಡುಗೀರು ಹೋದ್ರು,
ನಾ ನಿಂತೇ ಇದ್ದೆ. ಬೆನ್ನು ಕಾಯ್ಲತಿತ್ತು.
ಹಣಮಂತ್ರಾಯ ಸರ್ ತಂತಿ ಬೇಲಿ ಆಚಿಂದ
‘ಏ ಹುಚ್ಚಿ, ಯಾರ ಹಾದಿ ನೋಡ್ಲತಿ!’ ಅಂತ
ಚೀರಿದ ಮ್ಯಾಲ ಓಡಿದೆ.
ಓಡಿ, ಎರಡನೇದಾಕಿ ಬಂದೆ.
ಅವತ್ತಿಂದ ಸರ್ ನನ್ನ ಹೆಜ್ಜಿ ಸಪ್ಪಳ ಕೇಳ್ತಾರ,
ಸೈಕಲ್ ಅಂಗಡ್ಯಾಂವ ಚೈನು ತಿರುಗಿಸಿ ಕೇಳ್ದಂಗ.

ಅವ್ವ ಖಾನಾವಳಿಗಿ ದಿನಾ ಇನ್ನೂರು ರೊಟ್ಟಿ ಬಡಿತಾಳ.
‘ಯಾವುದಕ್ಕ ಹಾಸ್ಟೆಲ್ ಪುಕ್ಕಟ ಅದ, ಅದು ಬರಿ.’
ಎರಡಕ್ಕೂ ಅದ ಯವ್ವಾ.
‘ಹಂಗಿದ್ರ ಯಾವುದಕ್ಕ ಊಟ ಛಲೋ ಹಾಕ್ತಾರ?’
ಅಪ್ಪ ಪಾಲಿಶ್ ಮಷಿನ್ ಬಂದ್ ಮಾಡಿ ಬಂದು
ಕಣ್ಣರೆಪ್ಪಿ ಬೆಳ್ಳಗ ಮಾಡ್ಕೊಂಡು ಕುಂತ, ಏನೂ ಅನ್ನಲಿಲ್ಲ.
ನಮ್ಮ ಸಾಲಿ ಮೈದಾನದ ಗೆರಿ ಎಲ್ಲಾ
ಅಂವ ಚೀಲದಾಗ ತಂದ ಕಲ್ಲಿನ ಹಿಟ್ಟೇ.
ಚೌಕಕ್ಕೂ ಅದೇ, ಓಡೂ ಹಾದಿಗೂ ಅದೇ.

ಖರೇ ಹೇಳ್ತೀನಿ, ನಾ ಖೋಖೋ ಬರ್ಯಾಕೇ ಬಂದಾಕಿ.
ಆದ್ರ ರೇಷ್ಮಾ ನರ್ಸಿಂಗಿಗಿ ಬೀದರಕ್ಕ ಹೋದ್ಲು,
ಸವಿತಾ ಅಣ್ಣನ ಸಂಗಾಟ ಪುಣೆಗಿ,
ಭಾಗಮ್ಮಗ ಜೇಷ್ಠದಾಗ ಲಗ್ನ.
ಲಗ್ನಪತ್ರಿಕಿ ಹಿಡ್ಕೊಂಡು ಹಿತ್ತಲ ಬಾಗಲದಿಂದ ಬಂದು
ಜ್ವಾಳ ಹಸನ ಮಾಡಕೋತ ಕುಂತ ನನ್ನ ಬೆನ್ನಿಗಿ
ಬಡದು ‘ಖೋ’ ಅಂದ್ಲು.
ನಾ ಎದ್ದೆ.
ಎದ್ದು ಎಲ್ಲಿಗಿ ಹೋಗಬೇಕು ತಿಳೀಲಿಲ್ಲ,
ಮರ ಹಿಡ್ಕೊಂಡು ನಿಂತೆ, ಇಬ್ಬರೂ ನಕ್ಕಿವಿ,
ಆಮ್ಯಾಲ ನಗಲಿಲ್ಲ.

ಕಾಲೇಜಿನಾಗ ಚೌಕ ಇರ್ತಾವ, ಕಂಬ ಇರ್ತಾವ,
ಬ್ಯಾರೆ ಊರಿನ ಎಂಟು ಬೆನ್ನು ಇರ್ತಾವ.
ಅವರ ಕೈ ಕಲೀಬಹುದು, ಅದೇನು ದೊಡ್ಡದಲ್ಲ.
ಆದ್ರ ಎರಡನೇ ಸುತ್ತಿನಾಗ ಒಂದು ಜಾಗ ಅದ.
ಬಾಯಾಗ ಕಬ್ಬಿಣದ ರುಚಿ,
ಪಕ್ಕಡಿ ಹಿಡೀತದ, ಕಿವಿ ಮುಚ್ಕೋತದ,
ಅಲ್ಲಿ ನಾ ಯಾರ ಮಗಳೂ ಅಲ್ಲ,
ಯಾವ ಚೌಕದಾಕಿನೂ ಅಲ್ಲ.
ಇದು ಯಾರಿಗೂ ಹೇಳಿಲ್ಲ, ಸರ್‌ಗೂ ಇಲ್ಲ:
ಆ ಜಾಗ ನನಗ ರುಚಿ ಹತ್ಯಾದ.

ಕಿಟಕ್ಯಾಗಿನ ಗುಮಾಸ್ತ ಗಡಿಯಾರ ನೋಡ್ದ.
ಪಾಳ್ಯಾಗ ಹಿಂದಿನಾಂವ ಉಸ್ಸಂದ.
ಎಂಟು ಅಂತ ಅಂಕಿ ಬರದೆ.
ಅಲ್ಲಿಗೇ ಬಿಟ್ರ ಅದು
ಚೌಕದಾಗ ಕುಂತ ನಾವೇ ಎಂಟು ಮಂದಿ.
ಸ್ವಲ್ಪೊತ್ತು ಹಂಗೇ ಬಿಟ್ಟೆ.
ಆಮ್ಯಾಲ ಒಂದು ಸೊನ್ನಿ, ಮೈದಾನ ಸುತ್ತಿದಂಗ,
ಎಲ್ಲಿ ಶುರು ಆತೋ ಅಲ್ಲೇ ತಂದು ಕೂಡಿಸಿದೆ.
ಇನ್ನೊಂದು ಕೂಡಲಿಲ್ಲ,
ಬಾಯಿ ತೆರಕೊಂಡೇ ಉಳೀತು.

‘ಮೀಟರ್ ಅಂತ ಬರಿ ತಂಗಿ,’ ಅಂದ ಗುಮಾಸ್ತ,
‘ಇಲ್ಲಂದ್ರ ಮ್ಯಾಲಿನವರು ರೂಪಾಯಿ ಅನ್ಕೋತಾರ.’