ಒಂದು ಸ್ಲಾಟು ಖಾಲಿ

ಮಂಡಕ್ಕಿ ಕಟ್ಟಿದ ಕಾಗದದ ಬೆನ್ನಿಗೆ ಪಟ್ಟಿ ಬರೆದೆ.
ಎಣ್ಣೆ ಹತ್ತಿದ ಕಡೆ ಪೆನ್ನು ಮೂಡಲಿಲ್ಲ,
ಅಲ್ಲೇ ಬರಬೇಕಿತ್ತು ಗ್ರಾಫಿಕ್ಸ್ ಕಾರ್ಡಿನ ಬೆಲೆ.

ನನ್ನ ಕೆಲಸ ಫ್ಲೆಕ್ಸು:
ಗೃಹಪ್ರವೇಶ, ಹುಟ್ಟುಹಬ್ಬ, ಕೈಮುಗಿದ ಅಭ್ಯರ್ಥಿ.
ನಲವತ್ತಡಿ ನಗುವನ್ನು ಹಳೇ ಯಂತ್ರ
ಹಲ್ಲಿನವರೆಗೆ ತಂದು ನಿಂತುಬಿಡುತ್ತಿತ್ತು.
ಬೆನ್ನ ಹಿಂದೆ ಗಿರಾಕಿಯ ಬಿಸಿ ಉಸಿರು.

ಅಶೋಕ ರಸ್ತೆಯ ಹಾಲಪ್ಪನವರಲ್ಲಿ
ಬೋರ್ಡು, ಪ್ರೊಸೆಸರು ಸೇರಿ ಒಂದೇ ಮಾತು;
ನನ್ನ ಫೋನಿನೊಳಗೆ ಸಾವಿರದಿನ್ನೂರು ಕಮ್ಮಿ.
ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.
"ತಗೋಳವ್ವ. ಸುಟ್ಟೋದ್ರೆ ಅದಕ್ಕೇ ಫೋನ್ ಮಾಡು."
"ಭಾನುವಾರ ರಾತ್ರಿ ಮಾಡಿದ್ರೆ ನೀವು ಎತ್ತೀರಾ?"
"ಉಂಡಿದ್ರೆ ಎತ್ತೀನಿ."
ಅರ್ಧ ಅವರು ಇಳಿಸಿದರು, ಅರ್ಧ ನಾನು ನುಂಗಿದೆ.

ಕಾರ್ಡು ಸಿಕ್ಕಿದ್ದು ಹದಡಿ ರಸ್ತೆಯಲ್ಲಿ,
ಗೇಮಿಂಗ್ ಸೆಂಟರು ಮುಚ್ಚುತ್ತಿದ್ದ ಮುಜಮ್ಮಿಲ್ ಹತ್ತಿರ.
ಹಳೇ ಬನಿಯನ್ನಿನಲ್ಲಿ ಸುತ್ತಿ ಕೊಟ್ಟ.
ಎಷ್ಟು ಸಲ ಊದಿದರೂ
ಅದರ ಫ್ಯಾನಿನಲ್ಲಿ ಯಾರದೋ ಸಿಗರೇಟಿನ ವಾಸನೆ.

ಗಾಜಿನ ಪೆಟ್ಟಿಗೆ ಬೇಡ, ಬಣ್ಣದ ದೀಪ ಬೇಡ.
ಪವರ್ ಸಪ್ಲೈಗೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ.
ಕಾಟನ್ ಮಿಲ್ಲಿನ ಮೋಟಾರು ಸುತ್ತುತ್ತಿದ್ದ ಅಪ್ಪ
ಹೇಳುತ್ತಿದ್ದ: ಕರೆಂಟು ಸಣ್ಣಗಾದರೆ
ಕಬ್ಬಿಣವೂ ಅಳುತ್ತದೆ.

ರಾತ್ರಿ ಹನ್ನೊಂದಕ್ಕೆ ಗುಂಡಿ ಒತ್ತಿದೆ.
ಏನಿಲ್ಲ.
ಹಿಂದಿನ ಸ್ವಿಚ್ಚು ಹಾಕಿರಲಿಲ್ಲ.
ಮತ್ತೆ ಒತ್ತಿದೆ, ಒಂದು ಸಣ್ಣ ಬೀಪ್.

ಅಮ್ಮ ಕುಂಕುಮ ತಂದಳು.
ಫ್ಯಾನಿಗೆ ಬೇಡ ಅಂದೆ,
ಖಾಲಿ ಡಬ್ಬಿಗಳಿಗೆಲ್ಲ ಇಟ್ಟಳು.

ಮೆಮೊರಿ ಒಂದೇ ತಂದಿದ್ದೇನೆ.
ಪಕ್ಕದ ಸ್ಲಾಟು ಬಾಯಿ ತೆರೆದುಕೊಂಡು ಕೂತಿದೆ.
ಇರು,
ಪಾಲಿಕೆ ಚುನಾವಣೆ ಬರಲಿ.