ಗಾಜು ಬೇಡ

ಸುರುಳಿ ಬಿಚ್ಚಿದೆ.
ವಿರಾಜಪೇಟೆಯ ಕಟ್ಟಿನಂಗಡಿಯ ಮೊಯ್ದು
ಕನ್ನಡಕ ಒರೆಸಿಕೊಂಡ:
"ತೀರಿಕೊಂಡದ್ದು ಯಾವಾಗ?"

ಇಲ್ಲ, ಇದ್ದಾಳೆ. ನಾರ್ವೆಯಲ್ಲಿ.
ಬರೆದವನು ಅವಳ ತಮ್ಮ;
ಕಕ್ಕಬ್ಬೆಯ ನಮ್ಮ ಹೊರಕೋಣೆಯಲ್ಲಿ ಮೂರು ತಿಂಗಳಿದ್ದು
ಬಾಡಿಗೆಯ ಬದಲು ಇವಳನ್ನು ಬಿಟ್ಟುಹೋದ.

ಬೂದಿಯ ಮೇಲೆ ಬೂದಿ ಬಳಿದ ಮುಖ.
ಒಂದು ಕಣ್ಣು ಪೂರ್ತಿ,
ಇನ್ನೊಂದರಲ್ಲಿ ಕ್ಯಾನ್ವಾಸಿನ ನೂಲು.
ಬಾಯಿ, ಏನೋ ಕೇಳಿಸಿಕೊಂಡ ಮೇಲೆ ಮುಚ್ಚಿದ್ದು.

ಗೋಡೆ ತುಂಬ
ಪೀಚೆಕತ್ತಿ ಸಿಗಿಸಿದ ಅಜ್ಜಂದಿರು, ಪದಕದ ಸುಬೇದಾರರು.
ಎಲ್ಲರೂ ಸತ್ತವರು,
ಒಬ್ಬರೂ ಸತ್ತಂತೆ ಕಾಣುವುದಿಲ್ಲ.

"ಗಾಜು ಬೇಡ" ಎಂದ ಮೊಯ್ದು,
"ಉಸಿರು ಕಟ್ಟುತ್ತದೆ."
ಪಟ್ಟಿ ಅಳೆದ. ಮತ್ತೆ ಅಳೆದ.

ಮುಂಗಡ ಕೊಟ್ಟು ಚಿಲ್ಲರೆಗೆಂದು ತಿರುಗಿದರೆ
ತನಗೆ ತರಿಸಿದ ಚಹಾ
ಅವಳೆದುರಿಗೆ ಸರಿಸಿಟ್ಟು
ಸುಮ್ಮನೆ ಕೂತಿದ್ದ,
ಕೆನೆಗಟ್ಟುವವರೆಗೆ.